ದನಿ ಶುರು ಮಾಡುವ ಕ್ರಮ

ಆಗಸ್ಟ್ 6, 2024. ಬೆಳಿಗ್ಗೆ

ಟ್ಯೂಬ್ ಬಿಸಿನೀರಲ್ಲಿ ತೊಳೆದು ಒಣಗಲು ಇಟ್ಟೆ. ಇವರ ಕೊರಳಿನ ತೂತಿನ ಸುತ್ತ ಇವತ್ತು ಕೆಂಪು ಕಡಿಮೆ. ಬಟ್ಟೆ ಬದಲಾಯಿಸಿದೆ. ಚಹಾ ಆರಿಸಿ ಕೊಟ್ಟೆ. ಸ್ಲೇಟಿನ ಮೇಲೆ ಬರೆದರು — ‘ಸಕ್ಕರಿ ಮರ್ತಿ’. ಮರೆತಿರಲಿಲ್ಲ. ರೇಡಿಯೇಷನ್ ಮುಗಿದು ಇಷ್ಟು ದಿನವಾದರೂ ನಾಲಿಗೆಗೆ ರುಚಿ ಬಂದಿಲ್ಲ ಅಷ್ಟೇ. ಇನ್ನೊಂದು ಚಮಚ ಹಾಕಿ ಕಲಕಿದೆ.

ಗುಡೇಕೋಟೆಯಿಂದ ಇವರಣ್ಣ ಯರ್ರಿಸ್ವಾಮಿ ಭಾವನ ಫೋನ್.

“ಅವ್ವ ದಿನಾ ಕೇಳ್ತಾಳ ರೇಣುಕಾ. ಜಂಬು ಯಾಕ ಮಾತಾಡವಲ್ಲ, ನಾ ಏನಂದೆ ಅವಗ, ಅಂತಾಳ. ಏನ್ ಹೇಳ್ಲಿ?”

“ಕೆಲಸದ ಮ್ಯಾಲೆ ಹಡಗಲಿ ಕಡಿ ಹೋಗ್ಯಾರ ಅನ್ರಿ.”

“ಎಂಟು ತಿಂಗಳಿಂದ ಹಡಗಲ್ಯಾಗ ಅದಾನವ್ವ ಅಂವ.”

ನಗು ಬಂತು. ಆಮೇಲೆ ಅಳು.

ಅತ್ತೆಗೆ ಕಣ್ಣು ಪೂರ್ತಿ ಹೋಗಿ ಮೂರು ವರ್ಷ. ಮಗನಿಗೆ ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು, ದನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹೇಳಬೇಡಿ ಅಂದದ್ದು ಇವರೇ, ದನಿ ಇದ್ದಾಗ. “ಅವ್ವನ ಎದಿ ಒಡಿತೈತಿ. ಬ್ಯಾಡ.” ಎಲ್ಲರೂ ಹೂಂ ಅಂದೆವು. ನಮ್ಮ ಕಡೆ ಮುದುಕರಿಗೆ ರೋಗದ ಸುದ್ದಿ ಯಾರು ಹೇಳ್ತಾರೆ? ಮೊದಲು ಗಂಟಲು ಕಟ್ಟಿದೆ ಅಂದೆವು. ಆಮೇಲೆ ಹಡಗಲಿ.

ಆಗಸ್ಟ್ 9

ಕಂಪ್ಯೂಟರ್ ಸೆಂಟರಿನಲ್ಲಿ ಇವತ್ತು ನನ್ನ ಕ್ಲಾಸಿಲ್ಲ. ದಿನವಿಡೀ ಇವರ ದನಿಯ ಪ್ರೋಗ್ರಾಂ ಬರೆದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಎಲ್ಲಿ ಹೋದರೂ ಇವರ ದನಿ ಗೊತ್ತು. ಆಟೋದ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಪ್ರಚಾರ. ಸೀರೆ ಸೇಲು, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ, ಸತ್ತವರ ಸುದ್ದಿ. ಪೆನ್‌ಡ್ರೈವ್ ತುಂಬ ರೆಕಾರ್ಡಿಂಗ್ ಇವೆ. ಅದರಲ್ಲಿ ‘ಮಹಾಜನರೇ’ ಇದೆ, ‘ಅವ್ವಾ’ ಇಲ್ಲ.

ಅದಕ್ಕೇ ಆಪರೇಷನ್ನಿಗೆ ಮೊದಲು ಒಂದು ಮಧ್ಯಾಹ್ನ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೂರಿಸಿಕೊಂಡು ಮಾತು ಹೇಳಿಸಿದ್ದೆ. ಉಂಡಿಯಾ. ಮಳಿ ಬಂತಾ. ನಾಳಿ ಬರ್ತೀನಿ. ಮೈಕಿನ ಮುಂದೆ ಬದುಕಿದ ಮನುಷ್ಯನಿಗೆ ಅವತ್ತು ಮೈಕ್ ನೋಡಿದರೆ ಬೆವರು. ಕೊನೆಗೆ “ನಿನ್ನ ಬೈಯಾಕ ನಾಕು ಮಾತು ಇರ್ಲಿ ತಡಿ” ಅಂತ ನಾಲ್ಕು ಬೈಗುಳನೂ ರೆಕಾರ್ಡ್ ಮಾಡಿಸಿದರು. ನಾನು ನಕ್ಕದ್ದು ಅದರಲ್ಲೇ ಸೇರಿಕೊಂಡಿದೆ. ಆ ಫೈಲನ್ನು ಕಟ್ ಮಾಡಲು ಮನಸ್ಸಿಲ್ಲ.

ಈಗ ಲ್ಯಾಪ್‌ಟಾಪಿನಲ್ಲಿ ಒಂದೊಂದು ಮಾತಿಗೆ ಒಂದೊಂದು ಕೀ. ಒತ್ತಿದರೆ ವಿಂಡೋಸ್‌ನ ಆಡಿಯೋ ಕಾಂಪೊನೆಂಟ್, ಅಂದರೆ ದನಿ ನುಡಿಸುವ ಸಿದ್ಧ ತುಣುಕು, ಆ ಫೈಲನ್ನು ನುಡಿಸುತ್ತೆ. ‘ಅವ್ವಾ’ಗೆ ಮಾತ್ರ ದೊಡ್ಡ ಬಟನ್, ಮೇಲ್ಗಡೆ. ಮೊದಲು ಬರೆದದ್ದು ಅದು.

ಆಗಸ್ಟ್ 14. ಸಂಜೆ

ಗುಡೇಕೋಟೆಗೆ ಫೋನ್ ಹಚ್ಚಿ ಲ್ಯಾಪ್‌ಟಾಪ್ ಪಕ್ಕಕ್ಕೆ ಹಿಡಿದೆ. ಇವರು ಒತ್ತಿದರು.

‘ಅವ್ವಾ. ಉಂಡಿಯಾ?’

ಆ ಕಡೆಯಿಂದ ಅತ್ತೆಯ ದನಿ. “ಯಪ್ಪಾ! ಜಂಬೂ! ಉಂಡೀನೋ. ನೀ ಉಂಡೇನು? ಎಲ್ಲಿ ಹಾಳಾಗಿ ಹೋಗಿದ್ದಿ?”

ಇವರು ಕೀಬೋರ್ಡಿನ ಮೇಲೆ ಬಗ್ಗಿದರು. ಉದ್ದನೆಯ ಮಾತು ಒತ್ತಿದರು. ‘ಕೆಲಸ ಭಾಳ ಐತಬೇ, ಊರೂರು ತಿರುಗಬೇಕು, ಅದಕ್ಕ ಬರಾಕ ಆಗಿಲ್ಲ.’ ಅದರ ನಡುವೆ ಅತ್ತೆ ಏನೋ ಕೇಳಿದರು. ದನಿ ನಿಲ್ಲಲಿಲ್ಲ. ನಿಲ್ಲಿಸೋಣವೆಂದರೆ ವಿಂಡೋನೇ ಫ್ರೀಜ್. ಮಾತು ಮುಗಿಯುವವರೆಗೂ ಯಾವ ಕೀ ಕೂಡ ಕೆಲಸ ಮಾಡಲ್ಲ.

“ನಾ ಒಂದು ಕೇಳಿದ್ರ ನೀ ಒಂದು ಹೇಳ್ತಿ. ನಿನ ಆಟೋ ಮಾತಾಡಿದಂಗ ಮಾತಾಡ್ತಿ” ಅಂದರು ಅತ್ತೆ. ಫೋನ್ ಭಾವನ ಹೆಂಡತಿ ನಾಗಕ್ಕನ ಕೈಗೆ ಕೊಟ್ಟುಬಿಟ್ಟರು.

ಇವರು ಸ್ಲೇಟ್ ಹಿಡಿದರು. ‘ನಡುವ ನಿಲ್ಲಸಾಕ ಬರಬೇಕು. ಇಲ್ಲಂದ್ರ ಅದು ಮಾತಲ್ಲ, ಪ್ರಚಾರ.’

ಸರಿ. ಥ್ರೆಡ್ ಮಾಡಬೇಕು. ದನಿ ಒಂದು ಕಡೆ ನಡೀತಿರಲಿ, ಕೀ ನೋಡಿಕೊಳ್ಳುವ ಕೆಲಸ ಇನ್ನೊಂದು ಕಡೆ. ಒಂದೇ ಪ್ರೋಗ್ರಾಮಿನಲ್ಲಿ ಇಬ್ಬರು ಆಳು ಇದ್ದ ಹಾಗೆ. ಕಷ್ಟವೇನಿಲ್ಲ.

ಆಗಸ್ಟ್ 19. ಬೆಳಿಗ್ಗೆ

ಭಾವನ ಫೋನ್. ಅತ್ತೆಗೆ ಜ್ವರ, ಊಟ ಬಿಟ್ಟಿದ್ದಾರೆ. “ಹೆಂಗರ ಮಾಡಿ ಕರಕೊಂಡು ಬಾ. ಮುಂದ ಕುಂತು ಎರಡು ಮಾತಾಡ್ಲಿ ಸಾಕು.”

ಥ್ರೆಡ್ ಕೋಡ್ ನಿನ್ನೆ ಮುಗಿದಿರಲಿಲ್ಲ. ಈಗ ಗಡಿಬಿಡಿಯಲ್ಲಿ ಮುಗಿಸಿದೆ. ನಡುವೆ ಯಾವುದಾದರೂ ಎರರ್ ಡಬ್ಬಿ ಎದ್ದು ‘ಟಣ್’ ಅಂದರೆ ಅತ್ತೆಗೆ ಗೊತ್ತಾಗುತ್ತೆ. ಅದಕ್ಕೆ ಎರರ್ ಏನೇ ಬರಲಿ ಸುಮ್ಮನೆ ದಾಟಿಹೋಗು ಅಂತ ಬರೆದೆ. ‘ಅವ್ವಾ’ ಬಟನ್ ಒತ್ತಿದೆ. ಬಂತು. ಹೊರಗೆ ಆಟೋ ಹಾರ್ನ್ ಹೊಡೀತಿದೆ. ಇವರು ಶರ್ಟಿನ ಮೇಲುಗುಂಡಿ ಹಾಕಿ ಮೇಲೆ ಟವೆಲ್ ಸುತ್ತಿಕೊಂಡಿದ್ದಾರೆ. ತೂತು ಕಾಣಬಾರದಂತೆ. ಕಾಣಿಸುವುದು ಯಾರಿಗೆ?

ಹೊರಟೆವು.

ಆಗಸ್ಟ್ 21

ನಿನ್ನೆ ಬರೆಯಲಾಗಲಿಲ್ಲ. ಇವತ್ತೂ ಆಗುತ್ತಿಲ್ಲ. ಬರೀತೀನಿ.

ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಇವರು ಮುಂದೆ ಕೂತರು. ಲ್ಯಾಪ್‌ಟಾಪ್ ತೊಡೆ ಮೇಲೆ. ಒತ್ತಿದರು.

‘ಅವ್ವಾ.’

ಅತ್ತೆಯ ಮುಖ… ಬೇಡ.

“ಬಂದೇನೋ ಯಪ್ಪಾ! ಬಾ, ಹಂತ್ಯಾಕ ಬಾ. ಯಾವಾಗ ಬಂದಿ?”

ಇವರು ‘ಈಗ ಬಂದೆ’ ಒತ್ತಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ‘ಹೆಂಗದೀ’ ಒತ್ತಿದರು. ಇಲ್ಲ. ಎರರ್ ಇಲ್ಲ, ದನಿ ಇಲ್ಲ. ಪ್ರೋಗ್ರಾಂ ಆರಾಮಾಗಿ ನಡೀತಿದೆ. ನಾನು ಬಗ್ಗಿ ಬೇರೆ ಬೇರೆ ಕೀ ಒತ್ತಿದೆ. ಇಲ್ಲ.

“ಯಾಕೋ ಸುಮ್ಕ ಕುಂತಿ? ಮಾತಾಡೋ.”

ಬರುವುದು ಒಂದೇ ಬಟನ್. ಇವರು ಅದನ್ನೇ ಒತ್ತಿದರು. ‘ಅವ್ವಾ.’

“ಹೂಂನಪ್ಪಾ, ಹೇಳು.”

‘ಅವ್ವಾ.’

“ಹೇಳೋ.”

‘ಅವ್ವಾ.’

ಮೂರೂ ಒಂದೇ. ಒಂದೇ ಎಳೆತ, ಕೊನೆಯಲ್ಲಿ ಒಂದೇ ಉಸಿರು. ಅತ್ತೆ ತಲೆ ಓರೆ ಮಾಡಿ ಕೇಳಿದರು. ಮುಖದ ಬೆಳಕು ಹೋಯಿತು.

“ಇದು ಡಬ್ಬಿ” ಅಂದರು. “ನನ ಮಗ ಎಲ್ಲಿ ಅದಾನ?”

“ಇಲ್ಲೇ ಅದಾರ ಅತ್ತಿ, ನಿಮ್ಮ ಮುಂದನ—”

“ಅವನ ದನಿ ಅವನಿಲ್ಲದಲೇ ಊರೂರು ತಿರಗ್ತಿತ್ತು. ನನಗೇನು ಗೊತ್ತಿಲ್ಲೇನು? ಅಂವ ಉಣಾಕ ಕುಂತಿರ್ತಿದ್ದ, ಆಟೋ ಕೂಗ್ತಿತ್ತು. ಅವನ್ನ ತೋರಸ್ರಿ.”

ಇವರು ಅತ್ತೆಯ ಕೈ ಹಿಡಿದು ತಮ್ಮ ಮುಖಕ್ಕೆ ಒತ್ತಿಕೊಂಡರು. ಅತ್ತೆ ಸವರಿದರು. ಕೆನ್ನೆ ಒಳಗೆ ಹೋಗಿದೆ. ಮೀಸೆ ಇಲ್ಲ, ರೇಡಿಯೇಷನ್ ಆದ ಮೇಲೆ ಬೆಳೆದಿಲ್ಲ. ಜಂಬುನಾಥ ಅಂದರೆ ಊರಿಗೇ ದಪ್ಪ ಮೀಸೆ, ತುಂಬಿದ ಗಲ್ಲ. ಕೈ ಕೊರಳಿಗೆ ಇಳಿಯಿತು. ಬಟ್ಟೆಯ ಕೆಳಗೆ ತೂತು ಸಿಕ್ಕಿತು. ಥಟ್ಟನೆ ಕೈ ಹಿಂದಕ್ಕೆ.

“ಇವ ಯಾರು? ಸುಂಯ್ ಸುಂಯ್ ಅನ್ನಾವ?”

ಆಗ ಭಾವ ಎಲ್ಲ ಹೇಳಿದರು. ಕ್ಯಾನ್ಸರ್, ಆಪರೇಷನ್, ದನಿ ತೆಗೆದದ್ದು. ನಾಗಕ್ಕನೂ ಹೇಳಿದಳು. ನಾನೂ ಹೇಳಿದೆ. ಮೂವರೂ ಒಟ್ಟಿಗೆ, ಒಬ್ಬರ ಮೇಲೊಬ್ಬರು. ಅತ್ತೆ ಪೂರ್ತಿ ಕೇಳಿದರು.

“ಹಡಗಲ್ಯಾಗ ಅದಾನ ಅಂದ ಬಾಯಿ ನಿಮ್ಮವು. ಇದನ್ನ್ಯಾಕ ನಂಬ್ಲಿ?” ಆಮೇಲೆ ಮೆಲ್ಲಗೆ, “ರೇಣುಕಾ, ಕೈ ಕೊಡು.”

ಕೊಟ್ಟೆ. ಯಾಕೆ ಕೇಳಿದರೆಂದು ಕೊಡುವಾಗ ತಿಳಿಯಲಿಲ್ಲ. ಮಣಿಕಟ್ಟು ಸವರಿದರು. ಈ ಕೈ, ಆ ಕೈ. ಬಳೆ ಇಲ್ಲ. ರೆಕಾರ್ಡಿಂಗ್ ದಿನ ಬಳೆ ಸದ್ದು ಬೀಳುತ್ತೆಂದು ತೆಗೆದಿಟ್ಟವಳು, ಆಸ್ಪತ್ರೆ, ಟ್ಯೂಬು, ಕೀಬೋರ್ಡು ಅಂತ ಹಾಕಿಕೊಂಡೇ ಇಲ್ಲ. ಅತ್ತಿ, ತಾಳಿ ಐತಿ ನೋಡ್ರಿ, ಅಂತ ಕೈ ಎಳೆದು ಕೊರಳಿಗೆ ಮುಟ್ಟಿಸಿದೆ. ಮುಟ್ಟಿದರು. “ಬರಾಗ ಹಾಕ್ಕೊಂಡು ಬಂದೀಯವ್ವ. ಬಳಿ ಮರ್ತಿ” ಅಂದರು. ಬೈಯಲಿಲ್ಲ. ನನ್ನ ತಲೆ ಸವರಿದರು.

ಆಮೇಲೆ ಸೆರಗು ಬಾಯಿಗೆ ಹಿಡಿದು ಹಾಡ್ಯಾಡಿ ಅಳಲು ಶುರು ಮಾಡಿದರು. ಸತ್ತ ಮನೆಯಲ್ಲಿ ಅಳುವ ಹಾಗೆ. “ಊರ ಸಾವೆಲ್ಲಾ ಮೈಕಿನ್ಯಾಗ ಹೇಳಿದವನ, ನಿನ್ನ ಸುದ್ದಿ ನನಗ್ಯಾರೂ ಹೇಳಲಿಲ್ಲಲ್ಲೋ… ಗುಡೇಕೋಟಿಗೆ ಬಂದ್ರ ಮೊದಲು ಅವ್ವಗ ಕೇಳಲಂತ ನಮ್ಮ ಓಣ್ಯಾಗ ಆಟೋ ನಿಲ್ಲಸ್ತಿದ್ದೆಲ್ಲೋ…”

ಇವರು ಎದುರಿಗೇ ಕೂತಿದ್ದರು. ತಮಗಾಗಿ ಅಳುವುದನ್ನು ತಾವೇ ಕೇಳುತ್ತ. ಇವರಿಗೆ ಅತ್ತರೂ ಸದ್ದು ಬರಲ್ಲ, ಕೊರಳ ಬಟ್ಟೆ ಒದ್ದೆಯಾಗುತ್ತೆ ಅಷ್ಟೇ.

ಹೊರಡುವಾಗ ಅತ್ತೆ ನಾಗಕ್ಕನಿಗೆ ಹೇಳಿದ್ದು ಕಿವಿಗೆ ಬಿತ್ತು. “ಆ ರೋಗದ ಮನುಷ್ಯಾಗ ಒಂದಿಷ್ಟು ಉಣಾಕ ಕೊಟ್ಟು ಕಳಸ್ರಿ. ಯಾರ ಮಗನೋ ಪಾಪ.”

ಆಗಸ್ಟ್ 22

ಸಿಕ್ಕಿತು. ಎರರ್ ಮುಚ್ಚಿಡುವ ಸಾಲು ತೆಗೆದು ಓಡಿಸಿದ ಕೂಡಲೇ ಸಿಕ್ಕಿತು. ಕೆಂಪಕ್ಷರದಲ್ಲಿ ಒಂದೇ ಸಾಲು — ಈ ಥ್ರೆಡ್ಡಿನಲ್ಲಿ ಕಾಂಪೊನೆಂಟ್ ಲೈಬ್ರರಿಯನ್ನು ಇನಿಷಿಯಲೈಸ್ ಮಾಡಿಲ್ಲ.

ಅಷ್ಟೇ. ದನಿ ನುಡಿಸುವ ಮೊದಲು ಅದನ್ನು ಸಜ್ಜು ಮಾಡುವ ಒಂದು ಸಾಲು ಬಿಟ್ಟಿದ್ದೆ.

ಮೇನ್ ಥ್ರೆಡ್ಡಿನಲ್ಲಿ, ಅಂದರೆ ಮೊದಲಿನ ಆಳಿಗೆ, ಅದು ತಾನಾಗಿಯೇ ಆಗುತ್ತೆ, ಮಾಡ್ಯೂಲ್ ಇಂಪೋರ್ಟ್ ಮಾಡಿದ ಹೊತ್ತಿಗೇ. ಅದಕ್ಕೇ ಅಂಥದ್ದೊಂದು ಕ್ರಮ ಇದೆ ಅಂತ ತಿಳಿಯುವುದೇ ಇಷ್ಟು ವರ್ಷ ನನಗೆ ಬೇಕಾಗಿರಲಿಲ್ಲ. ಹೊಸ ಥ್ರೆಡ್ ಮಾಡಿದರೆ ಅದು ತನ್ನದನ್ನು ತಾನೇ ಮಾಡಿಕೊಳ್ಳಬೇಕು. ಮದುವೆ ಮನೆ ಅಡುಗೆಯಲ್ಲಿ ಮೊದಲು ಬಂದವ ಕೈ ತೊಳೆದನೆಂದು ಉಳಿದವರ ಕೈ ತೊಳೆದಂತಾಗಲ್ಲ. ‘ಅವ್ವಾ’ ಬಟನ್ ಹಳೇದು, ಮೇನ್ ಥ್ರೆಡ್ಡಿನಲ್ಲೇ ಇತ್ತು. ಬಂತು. ಉಳಿದ ಮಾತೆಲ್ಲ ಹೊಸ ಥ್ರೆಡ್ಡಿಗೆ ಹಾಕಿದ್ದೆ. ಒಂದೂ ಬರಲಿಲ್ಲ. ನಾನು ಟೆಸ್ಟ್ ಮಾಡಿದ್ದು ಆ ಒಂದನ್ನೇ.

‘ಎರರ್ ಬಂದರೆ ಮುಚ್ಚಬೇಡಿ, ಓದಿರಿ’ — ಇದು ಸೆಂಟರಿನಲ್ಲಿ ದಿನಾ ನಾನು ಹೇಳುವ ಪಾಠ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಇವರಿಗೆ ಹೇಳಿದೆ. ನನ್ನ ತಪ್ಪು ಅಂದೆ. ಇವರು ಗೋಡೆ ಕಡೆ ತಿರುಗಿ ಮಲಗಿದರು.

ಆಗಸ್ಟ್ 26

ಇವರಿಗೆ ಜ್ವರ. ಕಫ ಹಳದಿ. ದಾವಣಗೆರೆ ಆಸ್ಪತ್ರೆಗೆ.

ಸೆಪ್ಟೆಂಬರ್ 15

ಕೊಟ್ಟೂರಿನ ಮನೆಗೆ ವಾಪಸ್. ಎದೆಯ ಸೋಂಕು ಇಳಿದಿದೆ. ಇನ್ನೂ ಸೊರಗಿದ್ದಾರೆ. ಆಸ್ಪತ್ರೆಯ ಲಿಫ್ಟಿನ ಕನ್ನಡಿಯಲ್ಲಿ ತಮ್ಮನ್ನು ತಾವೇ ನೋಡಿಕೊಂಡು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು — ‘ಅವ್ವಂದು ತಪ್ಪಿಲ್ಲ’.

ನಾಗಕ್ಕ ಫೋನ್ ಮಾಡಿದ್ದಳು. ಅತ್ತೆಗೆ ಜ್ವರ ಹೋಗಿದೆ. ಆದರೆ ನಡೆದಾಟ ನಿಂತಿದೆ. ಮನೆಗೆ ಬಂದವರಿಗೆಲ್ಲ ಮಗ ತೀರಿಕೊಂಡ ಅಂತ ಹೇಳುತ್ತಾರಂತೆ. ಬಂದವರು ಏನನ್ನಬೇಕು ತಿಳಿಯದೆ ಹೂಂಗುಟ್ಟುತ್ತಾರಂತೆ.

ಬಳೆ ಹಾಕಿಕೊಂಡೆ. ಹಸಿರು, ಎರಡೂ ಕೈ ತುಂಬ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಟೈಪ್ ಮಾಡುವಾಗ ಸದ್ದು. ಇರಲಿ.

ಸೆಪ್ಟೆಂಬರ್ 21

ಪ್ರೋಗ್ರಾಂ ಮೊದಲಿನಿಂದ ಬರೆದೆ. ಅವಸರವಿಲ್ಲ, ಯಾರೂ ಹಾರ್ನ್ ಹೊಡೀತಿಲ್ಲ.

ಮೊದಲು ಒಂದೊಂದು ಮಾತಿಗೆ ಒಂದೊಂದು ಥ್ರೆಡ್ ಹುಟ್ಟಿಸುತ್ತಿದ್ದೆ. ಅದು ಬೇಡ. ದನಿಗೆ ಒಂದೇ ಥ್ರೆಡ್. ಎದ್ದ ಕೂಡಲೇ ತಾನೇ ಲೈಬ್ರರಿ ಇನಿಷಿಯಲೈಸ್ ಮಾಡಿಕೊಳ್ಳುತ್ತೆ, ಆಗಿದೆಯಾ ಅಂತ ನೋಡಿಕೊಳ್ಳುತ್ತೆ, ಆಮೇಲೇ ಪ್ಲೇಯರ್ ಮಾಡಿಕೊಳ್ಳುತ್ತೆ. ಆ ಪ್ಲೇಯರನ್ನು ಬೇರೆ ಥ್ರೆಡ್ ಮುಟ್ಟುವ ಹಾಗಿಲ್ಲ. ಕೀ ಒತ್ತಿದರೆ ಚೀಟಿ ಹೋಗುತ್ತೆ, ದನಿ ಥ್ರೆಡ್ ಸಾಲಿನಲ್ಲಿ ತೆಗೆದುಕೊಂಡು ನುಡಿಸುತ್ತೆ. ನಿಲ್ಲು ಅಂದರೆ ನಿಲ್ಲುತ್ತೆ. ಕೊನೆಗೆ ಪ್ಲೇಯರನ್ನು ಬಿಟ್ಟು, ಶುರು ಮಾಡಿದ್ದನ್ನು ತಾನೇ ಮುಗಿಸಿ ಹೋಗುತ್ತೆ. ಒಂದು ಶುರುವಿಗೆ ಒಂದು ಮುಕ್ತಾಯ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಎಲ್ಲ ಕೀ ಒತ್ತಿದೆ. ಎಲ್ಲ ಬಂತು. ಬೈಗುಳ ಕೂಡ. ಇವರು ಒಳಗಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು, ನನ್ನ ನಗು ಸೇರಿದ ಆ ಫೈಲ್. ನಗಲಿಲ್ಲ.

“ಹೋಗಾಣ. ಈ ಸಲ ಕೇಳಿದ್ದಕ್ಕೆಲ್ಲ ಉತ್ತರ ಕೊಡಬಹುದು. ಡಬ್ಬಿ ಅಲ್ಲ ಅಂತ ಗೊತ್ತಾಗ್ತೈತಿ” ಅಂದೆ.

ತಲೆ ಅಲ್ಲಾಡಿಸಿದರು. ಸ್ಲೇಟ್: ‘ಅತ್ತು ಮುಗಿಸ್ಯಾಳ. ಮತ್ತ ಯಾಕ ಎಬ್ಬಸ್ತಿ.’

ಜಗಳ. ನಾನು ಕೂಗಿದೆ, ಇವರು ಬರೆದರು. ಬರೆದು ಜಗಳವಾಡುವವರ ಜೊತೆ ಗೆಲ್ಲೋಕಾಗಲ್ಲ, ಅಳಿಸಿಬಿಡುತ್ತಾರೆ.

ಅಕ್ಟೋಬರ್ 2

ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ.

ಭಾವ ಫೋನ್ ಮಾಡಿದರು. ಮಾವನ ಎಡೆಯ ಪಕ್ಕ ಇನ್ನೊಂದು ಎಲೆ ಹಾಕಿಸಿದ್ದಾರೆ ಅತ್ತೆ. “ಜಂಬೂಗ ಕರಿಗಡಬು ಅಂದ್ರ ಜೀವ, ಎರಡು ಹೆಚ್ಚು ಹಾಕ್ರಿ” ಅಂದರಂತೆ. ನಾಗಕ್ಕ ಹಾಕೋದಿಲ್ಲ ಅಂತ ಅತ್ತಿದ್ದಾಳೆ. ಕೊನೆಗೆ ಭಾವನೇ ಹಾಕಿದರು.

“ತಮ್ಮ ಬದುಕ್ಯಾನ, ನನ ಕೈಯಾರೆ ಅವಗ ಎಡಿ ಹಾಕಿದೆ ರೇಣುಕಾ. ನಾ ಎಂಥಾ ಅಣ್ಣ.”

ಸ್ಪೀಕರ್ ಆನ್ ಇತ್ತು. ಇವರು ಕೇಳಿಸಿಕೊಂಡರು. ಎದ್ದು ಹೋಗಿ ಬಹಳ ಹೊತ್ತು ಮುಖ ತೊಳೆದರು. ಬಂದು ಸ್ಲೇಟ್ ತೆಗೆದುಕೊಂಡರು.

‘ಹೋಗಾಣ.’

ಅಕ್ಟೋಬರ್ 4

ಇವರ ಚೆಕಪ್. ಇನ್ನೆರಡು ದಿನ ದೂಳಿಗೆ ಹೋಗಬಾರದು ಅಂದರು ಡಾಕ್ಟರು.

ಅಕ್ಟೋಬರ್ 7. ಗುಡೇಕೋಟೆ. ಮಧ್ಯಾಹ್ನ

ಬೆಳಿಗ್ಗೆ ಭಾವ ಫೋನಿನಲ್ಲಿ, “ಲಗೂ ಬರ್ರಿ. ಅವ್ವಗ ನೀರೂ ಗಂಟಲ್ದಾಗ ಇಳಿವಲ್ದು” ಅಂದರು. ಬಂದೆವು. ದಾರಿಯುದ್ದಕ್ಕೂ ಆಟೋದಲ್ಲಿ ಒಂದೊಂದೇ ಕೀ ಒತ್ತಿ ನೋಡಿದೆ. ಕೂಡ್ಲಿಗಿ ದಾಟುವಷ್ಟರಲ್ಲಿ ಎಲ್ಲ ಮುಗಿಯಿತು. ಒಂದೂ ತಪ್ಪಲಿಲ್ಲ.

ಅತ್ತೆ ಮಂಚದ ಮೇಲೆ, ಹಿಡಿಯಷ್ಟಾಗಿದ್ದಾರೆ. ಇವರು ತಲೆದಿಂಬಿನ ಹತ್ತಿರ ಕೂತರು. ನಾನು ಮೂಲೆಯಲ್ಲಿ. ಕೈಗೆ ಕೆಲಸವಿಲ್ಲ, ಸುಮ್ಮನಿರಲಾಗುತ್ತಿಲ್ಲ. ಬರೀತಿದ್ದೀನಿ.

‘ಅವ್ವಾ.’

ಅಲುಗಲಿಲ್ಲ.

‘ನಾನು. ಜಂಬು. ಬಂದೀನಿ.’

ಕಣ್ಣು ತೆರೆದರು. ಕಾಣದಿದ್ದರೂ ಈ ಕಡೆಗೇ ತಿರುಗಿತು. “ಬಂದೇನೋ ಯಪ್ಪಾ.”

‘ಹೂಂ.’

“ಉಂಡೇನು?”

‘ಉಂಡೀನಿ. ನೀ ಹೆಂಗದಿ?’

ನಡುವೆ ಅತ್ತೆ ಏನೋ ಅಂದರು. ಇವರು ತಕ್ಷಣ ನಿಲ್ಲಿಸಿದರು. ದನಿ ನಿಂತಿತು. ಅತ್ತೆ ಹೇಳಿ ಮುಗಿಸಿದ ಮೇಲೆ ಉತ್ತರ ಬಂತು. ಮಾತಿಗೆ ಮಾತು. ಮಳೆ ಬಂದದ್ದು, ಕುರಿ ಅವಳಿ ಮರಿ ಹಾಕಿದ್ದು, ನಾಗಕ್ಕನ ಸೊಂಟ ನೋವು — ಎಲ್ಲ ಹೇಳಿದರು ಅತ್ತೆ. ಇವರು ಸರಿಯಾದ ಕಡೆ ಹೂಂ, ಸರಿಯಾದ ಕಡೆ ಇಲ್ಲ, ಒಂದು ಕಡೆ ‘ಹೌದೇನಬೇ!’ ಕೂಡ. ಇವರು ನಗುತ್ತಿದ್ದರು. ಎಷ್ಟು ತಿಂಗಳಾಯಿತು ನೋಡಿ. ಭಾವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನಂಬಿದರು, ನಂಬಿಬಿಟ್ಟರು ಅಂದುಕೊಂಡೆ. ಎದ್ದು ಕುಣಿಯಬೇಕು ಅನ್ನಿಸಿತು.

“ಭಾಳ ತ್ರಾಸಾತೇನು ನಿನಗ?” ಅಂದರು ಅತ್ತೆ.

‘ಇಲ್ಲ.’

“ಈಗ ಆರಾಮೇನು?”

‘ಹೂಂ. ಆರಾಮ.’

“ಅಲ್ಲಿ ನಿಮ್ಮಪ್ಪ ಸಿಕ್ಕಿದ್ದನೇನು?”

ನಾಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಇವರ ಬೆರಳು ನಿಂತಿತು.

ನಂಬಿದ್ದು ಹೌದು. ಮಗ ಬಂದಿದ್ದಾನೆ ಅಂತ ನಂಬಿದ್ದಾರೆ. ಸತ್ತ ಮಗ.

“ಕರಕೊಂಡು ಹೋಗಾಕ ಬಂದಿಯೇನೋ ನನ್ನ? ದಾರಿ ನೋಡಿ ನೋಡಿ ಸಾಕಾಗಿತ್ತು.”

ಇವರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ‘ಇಲ್ಲ’ ಒತ್ತಿರಿ. ಒತ್ತಿ, ಆಮೇಲೆ? ‘ನಾನು ಸತ್ತಿಲ್ಲ’ ಅನ್ನೋ ಮಾತನ್ನು ನಾವು ರೆಕಾರ್ಡ್ ಮಾಡಿಲ್ಲ. ಆಪರೇಷನ್ನಿಗೆ ಹೋಗುವ ಗಂಡನ ಕೈಲಿ ಅದನ್ನು ಯಾರು ಹೇಳಿಸುತ್ತಾರೆ.

ಅತ್ತೆಯ ಮುಖದಲ್ಲಿ ಹೆದರಿಕೆ ಅನ್ನುವುದೇ ಇಲ್ಲ. ಸಂತೆಗೆ ಹೊರಟವರ ಹಾಗಿದ್ದಾರೆ.

ಇವರು ‘ಹೂಂ’ ಒತ್ತಿದರು.

ದನಿ ಸ್ವಚ್ಛ ಬಂತು. ಒಂಚೂರೂ ತಡೆಯಲಿಲ್ಲ.

ಅತ್ತೆ ನಕ್ಕರು. ಕೈ ಚಾಚಿದರು. ಇವರು ಎಡಗೈ ಕೊಟ್ಟರು. ಈ ಸಲ ಬಿಡಲಿಲ್ಲ. ಬಲಗೈ ಕೀಗಳ ಮೇಲೇ ಇದೆ.

ಈಗ ಮತ್ತೆ ಕೇಳುತ್ತಿದ್ದಾರೆ, ಮೆಲ್ಲಗೆ. “ಆಕೀನ ಒಬ್ಬಾಕೀನ ಬಿಟ್ಟು ಬಂದ್ಯಲ್ಲೋ. ರೇಣುಕಾಗ ಇನ್ನ ಯಾರ ಅದಾರ?”

ಇದಕ್ಕೆ ಕೀ ಇಲ್ಲ. ಇವರು ಹುಡುಕುತ್ತಿದ್ದಾರೆ. ಅತ್ತೆ ಕಾಯುತ್ತಿದ್ದಾರೆ. ನಾನೇ ಎದ್ದು ಹೋಗಿ ಹೇಳಬೇಕು. ಅತ್ತಿ, ನನಗ ಇವರು ಅದಾರ, ಅಂತ. ಬರೆಯೋದು ನಿಲ್ಲಿಸ್ತೀನಿ.